ಐವತ್ತೊಂದನೆಯ ದಿನದ ಬನ್ನಿ

ನಾನು ಒಂದು ಇನ್‌ಕ್ಯುಬೇಟರ್. ಹೆಸರು ಕೇಳಿ ಕೋಳಿಮೊಟ್ಟೆ ನೆನಪಾದರೆ ಅದು ನಿಮ್ಮ ತಪ್ಪಲ್ಲ; ನನ್ನನ್ನು ಮೊದಲ ಸಲ ಕಂಡವರೆಲ್ಲ ಮೊಟ್ಟೆ ಎಲ್ಲಿ ಎಂದೇ ಕೇಳಿದ್ದಾರೆ. ನನ್ನ ಹೊಟ್ಟೆಯಲ್ಲಿ ಬೆಳೆಯುವುದು ಮನುಷ್ಯರ ಜೀವಕೋಶ. ತಾವಿನ್ನೂ ಮೈಯೊಳಗೇ ಇದ್ದೇವೆ ಎಂದು ಅವು ನಂಬಬೇಕು. ಅದಕ್ಕಾಗಿ ಮೈಯ ಕಾವು, ತಳದ ತಟ್ಟೆಯ ನೀರಿನ ತೇವ, ಸಿಲಿಂಡರಿನಿಂದ ಅಳತೆಯ ಗಾಳಿ ಕೊಟ್ಟು ಅವನ್ನು ಸಾಕುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಒಂದು ದಿನವೂ ತಪ್ಪಿಲ್ಲ. ತಪ್ಪಿದೆನೆಂದು ಬರೆದವರಿದ್ದಾರೆ. ಅವರ ಕತೆಯನ್ನೇ ಹೇಳಲು ಹೊರಟಿದ್ದೇನೆ.

ಪುಣೆಯ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಒಳಮೈಯೆಲ್ಲ ಸ್ಟೀಲು. ಮೂಲೆ ಇದ್ದಲ್ಲಿ ಬೂಷ್ಟು ಮನೆ ಮಾಡುತ್ತದೆಂದು ಮೂಲೆಗಳನ್ನೂ ದುಂಡಗೆ ಮಾಡಿದರು. ಹೊರಗೊಂದು ಬಾಗಿಲು, ಒಳಗೊಂದು ಗಾಜಿನ ಬಾಗಿಲು. ಬಾಗಿಲು ತುಸು ಹೆಚ್ಚು ಹೊತ್ತು ತೆರೆದಿದ್ದರೆ ಕೂಗಿಕೊಳ್ಳಲು ಒಂದು ಗಂಟಲನ್ನೂ ಕೊಟ್ಟರು. ನನ್ನ ಮೊದಲ ಒಡೆಯರು ಒಂದು ದೊಡ್ಡ ಆಸ್ಪತ್ರೆಯವರು. ರಿಬ್ಬನ್ ಕಟ್ಟಿ, ಕತ್ತರಿಸಿ, ಫೋಟೊ ತೆಗೆಸಿಕೊಂಡರು. ಆಮೇಲೆ ಎರಡು ವರ್ಷ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಲಿಲ್ಲ. ಕೊನೆಗೆ ಜಾಗ ಸಾಲದೆಂದು ಧಾರವಾಡ ಸೀಮೆಯ ಒಂದು ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ದಾನ ಕೊಡುವಾಗಲೂ ಫೋಟೊ ತೆಗೆಸಿಕೊಂಡರು.

ನಾನು ಬಂದು ಸೇರಿದ್ದು ಪುನರುತ್ಪಾದಕ ಜೀವವಿಜ್ಞಾನ ವಿಭಾಗಕ್ಕೆ. ಹೆಸರು ಬಾಯಿಗೆ ದೊಡ್ಡದು, ವಿಷಯ ಸರಳ. ಹಲ್ಲಿಯ ಬಾಲ ಕಡಿದರೆ ಮತ್ತೆ ಬೆಳೆಯುತ್ತದೆ; ಮನುಷ್ಯರ ಸವೆದ ಮಂಡಿ ಯಾಕೆ ಬೆಳೆಯುವುದಿಲ್ಲ, ಬೆಳೆಸಲು ಬರುತ್ತದೆಯೇ ಎಂದು ಅಲ್ಲಿ ಓದುತ್ತಾರೆ. ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ವಿರೂಪಾಕ್ಷ ನಾಡಗೌಡರು. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ಶಿವಲೀಲಾ ಹೂಗಾರ. ಗುಡಿಗೆ ಹೂಪತ್ರಿ ಕೊಡುವ ಮನೆತನದ ಹುಡುಗಿ. ನನ್ನನ್ನು ನಿಜವಾಗಿ ಮೊದಲು ಬಳಸಿದವಳು ಅವಳೇ.

ಮಂಡಿ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕತ್ತರಿಸಿ ಬಿಸಾಡುವ ಮೆತ್ತನೆಯ ಎಲುಬಿನ ಚೂರನ್ನು, ರೋಗಿಯ ಒಪ್ಪಿಗೆ ಕೇಳಿ, ಅವಳು ತರುತ್ತಿದ್ದಳು. ಅದರ ಜೀವಕೋಶಗಳನ್ನು ರೇಷ್ಮೆಯ ಸಣ್ಣ ಜಾಲರಿಯ ಮೇಲೆ ಬಿತ್ತಿ, ಪುಟ್ಟ ಗುಂಡು ತಟ್ಟೆಗಳಲ್ಲಿ ನನ್ನೊಳಗೆ ಇಡುತ್ತಿದ್ದಳು. ಐವತ್ತಾರು ದಿನ ಕಾದರೆ ಅದು ಉಗುರಿನಷ್ಟು ಅಗಲದ ಹೊಸ ಪದರವಾಗಬೇಕು. ಎರಡು ದಿನಕ್ಕೊಮ್ಮೆ ಅವಕ್ಕೆ ಆಹಾರ ಬದಲಿಸಬೇಕು. ಜೀವಕೋಶಕ್ಕೆ ಭಾನುವಾರ ತಿಳಿಯುವುದಿಲ್ಲ, ಹಬ್ಬ ತಿಳಿಯುವುದಿಲ್ಲ. ಅಣ್ಣನ ಮದುವೆಯ ಅಕ್ಕಿಕಾಳು ಬಿದ್ದ ಮಧ್ಯಾಹ್ನವೇ ಅವಳು ಬಸ್ಸು ಹಿಡಿದು ಓಡಿ ಬಂದಿದ್ದಳು, ಕೈಯ ಮೆಹಂದಿಯ ಮೇಲೆ ಎರಡು ಜೊತೆ ಕೈಗವಸು ಹಾಕಿಕೊಂಡು.

ವಿಜ್ಞಾನದಲ್ಲಿ ಒಂದು ಸಲ ಬಂದದ್ದನ್ನು ಯಾರೂ ನಂಬುವುದಿಲ್ಲ. ಮೂರು ಸಲ ಬರಬೇಕು. ಎರಡು ಸಲ ಬಂದಿತ್ತು. ಮೂರನೆಯದು ನನ್ನೊಳಗಿತ್ತು. ಡಿಸೆಂಬರಿಗೆ ಅವಳ ನೋಂದಣಿಯ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಇದು ಬಂದರೆ ಪದವಿ, ಇಲ್ಲದಿದ್ದರೆ ಐದು ವರ್ಷ ನೀರಿನಲ್ಲಿ ಹೋಮ.

ನವಮಿಯ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡಿದರು. ನನ್ನ ಹೊರಬಾಗಿಲಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಸರ. ಅದಕ್ಕೆ ನನ್ನ ತಕರಾರಿಲ್ಲ. ಹೊರಮೈಗೆ ಏನು ಹಚ್ಚಿದರೂ ಒರೆಸಿದರೆ ಹೋಗುತ್ತದೆ. ಮರುದಿನ ವಿಜಯದಶಮಿ, ರಜೆ. ಮೂರನೆಯ ಸುತ್ತಿನ ಐವತ್ತೊಂದನೆಯ ದಿನ. ಶಿವಲೀಲಾ ಆಹಾರ ಬದಲಿಸಲು ಬಂದಿದ್ದಳು. ಅಟೆಂಡರ್ ಹಸನಸಾಬ ಬೀಗ ತೆಗೆದುಕೊಟ್ಟು ಬಾಗಿಲಲ್ಲೇ ಕುಳಿತಿದ್ದ. ಆಗ ನಾಡಗೌಡರು ರೇಷ್ಮೆ ಅಂಗಿ ತೊಟ್ಟು, ಕೈಯಲ್ಲಿ ದಸರೆಗೆ ಬಂಗಾರವೆಂದು ಹಂಚುವ ಬನ್ನಿಯ ಟೊಂಗೆ ಹಿಡಿದು ಬಂದರು. ಅವಳಿಗೂ ಹಸನಸಾಬನಿಗೂ ಬನ್ನಿ ಕೊಟ್ಟು, “ಬಂಗಾರದಂಗ ಇರೂಣು” ಎಂದರು. ಮೈಕ್ರೋಸ್ಕೋಪಿನ ಮೇಲೊಂದು ಎಲೆ, ಫ್ರಿಜ್ಜಿನ ಮೇಲೊಂದು ಎಲೆ. ಆಮೇಲೆ ನನ್ನ ಮುಂದೆ ಬಂದು ಹಿಡಿಕೆಗೆ ಕೈ ಹಾಕಿದರು.

“ಸರ್, ಒಳಗ ಬ್ಯಾಡ್ರಿ! ಮ್ಯಾಲೆ ಇಡ್ರಿ,” ಎಂದು ಶಿವಲೀಲಾ ಓಡಿ ಬಂದಳು. “ಗಿಡದಿಂದ ಈಗ ಹರಕೊಂಡ ಬಂದ ಎಲಿ ಐತ್ರಿ ಅದು.”

“ಐದು ವರ್ಷದ ಬಂಗಾರ ಒಳಗೈತಿ, ಬನ್ನಿ ಹೊರಗಿಟ್ರ ಹೆಂಗ? ಒಂದ ನಿಮಿಷ. ಒಂದ ಫೋಟೊ.”

“ಬೂಷ್ಟು ಹಿಡೀತಾವ್ರಿ ಸರ್.”

“ಹೂಗಾರ ಮನಿತನದಾಕಿ, ದೇವರ ಪತ್ರಿಗೆ ಹೊಲಸು ಅಂತೀಯೇನು?”

ಆ ಮಾತಿಗೆ ಅವಳ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಅವರು ಗಾಜಿನ ಬಾಗಿಲನ್ನೂ ತೆಗೆದಾಗಿತ್ತು. ಮೂವತ್ತು ವರ್ಷ ಸೂಕ್ಷ್ಮಜೀವಿಯ ಪಾಠ ಹೇಳಿದ ಮನುಷ್ಯ! ಕೈಗವಸಿಲ್ಲದ ಕೈಯಿಂದ, ಧೂಳು ಕೂತ ಬನ್ನಿಯನ್ನು ಅವಳ ತಟ್ಟೆಗಳ ಪಕ್ಕದಲ್ಲೇ ಇಟ್ಟ. ಇನ್ನು ಅವನಿಗೆ ಬಹುವಚನ ಕೊಡಲು ನನ್ನಿಂದಾಗದು. ನಾನು ಗಂಟಲು ಹರಿದುಹೋಗುವಂತೆ ಕೂಗಿಕೊಂಡೆ. “ಇದೊಂದು ಒದರತೈತಿ,” ಎಂದು ಗುಂಡಿ ಒತ್ತಿ ನನ್ನ ಬಾಯಿ ಮುಚ್ಚಿಸಿದ. ಕೋನ ಸರಿಯಿಲ್ಲವೆಂದು ಎರಡು ಸಲ ಫೋಟೊ ತೆಗೆದ.

ಅವನು ಹೋದ ಕೂಡಲೇ ಶಿವಲೀಲಾ ಎಲೆ ತೆಗೆದು, ಸ್ಪಿರಿಟ್ ಹಾಕಿ ಒರೆಸಿ, ನೀರು ಬದಲಿಸಿದಳು. ನಾಲ್ಕನೆಯ ದಿನ ಬೆಳಿಗ್ಗೆ ತಟ್ಟೆಗಳಲ್ಲಿ ಬಿಳಿ ಎಳೆಗಳು ಕಂಡವು. ಸಂಜೆಗೆ ಅದು ಬೂದು ಬಣ್ಣದ ಜುಂಗು. ಹನ್ನೆರಡು ತಟ್ಟೆಯಲ್ಲಿ ಒಂದೂ ಉಳಿಯಲಿಲ್ಲ. ಅವಳು ಅಳಲಿಲ್ಲ. ಒಂದೊಂದನ್ನೇ ಬ್ಲೀಚಿನಲ್ಲಿ ಮುಳುಗಿಸಿ, ದಿನಾಂಕ ಬರೆದುಕೊಂಡಳು. ಅಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಒಂದು ವರ್ಷದ ಹೆಚ್ಚುವರಿ ಅವಧಿ ಸಿಗಬೇಕಾದರೆ, ನಷ್ಟಕ್ಕೆ ಅವಳು ಕಾರಣಳಲ್ಲ ಎಂದು ತೋರಿಸಬೇಕಿತ್ತು. ಅರ್ಜಿಗೆ ಮಾರ್ಗದರ್ಶಕರ ಸಹಿಯೂ ಬೇಕಿತ್ತು. ನಾಡಗೌಡ ತಾನೇ ಅರ್ಜಿ ಬರೆಸಿ ತಂದ: ಇನ್‌ಕ್ಯುಬೇಟರ್ ಹಳೆಯದು, ದೋಷಪೂರಿತ, ಅದರಿಂದಲೇ ಬೂಷ್ಟು.

“ಮಷೀನಕ್ಕ ಏನೂ ಆಗಿಲ್ರಿ ಸರ್,” ಎಂದಳು ಶಿವಲೀಲಾ.

“ಮಷೀನಕ್ಕ ಮಾನ ಹೋಗತೈತೇನು? ನೀ ಉಳೀತಿ, ನಾ ಉಳೀತೀನಿ. ಹಾಕು.”

ಅವಳು ನನ್ನ ಕಡೆ ನೋಡಲೇ ಇಲ್ಲ. ಸಹಿ ಹಾಕಿದಳು. ಬಡ ಹುಡುಗಿ, ಬೇರೆ ದಾರಿ ಇರಲಿಲ್ಲ ಎಂದು ನೀವು ಹೇಳಬಹುದು. ಹೇಳಿಕೊಳ್ಳಿ. ನನಗೆ ಅವಳ ಮೇಲೂ ಸಿಟ್ಟು ಬಂತು, ಬಹಳ ಬಂತು. ಮರುವಾರ ಹಸನಸಾಬ ನನ್ನ ಪ್ಲಗ್ಗು ಕಿತ್ತು, ಇನ್ನೊಬ್ಬನ ಜೊತೆ ಸೇರಿ ಸೆಮಿನಾರ್ ಹಾಲಿನ ಪಕ್ಕದ ಮೆಟ್ಟಿಲ ಕೆಳಗೆ ತಂದಿಟ್ಟ. “ಗಟ್ಟಿಮುಟ್ಟ ಐತಿ ಪಾಪ,” ಎಂದು ಬೆನ್ನು ತಟ್ಟಿ ಹೋದ.

ಅವಳು ಪಕ್ಕದ ವಿಭಾಗದ ಯಂತ್ರ ಕೇಳಿ ಪಡೆದು, ಹೊಸ ಜೀವಕೋಶ ತಂದು, ಮೂರನೆಯ ಸುತ್ತನ್ನು ಮತ್ತೆ ಮಾಡಿದಳು. ಬಂತು. ಒಂದು ವರ್ಷದ ಮೇಲೆ ಮೌಖಿಕ ಪರೀಕ್ಷೆ ನಡೆದದ್ದು ನನ್ನ ಪಕ್ಕದ ಹಾಲಿನಲ್ಲೇ. ಬಾಗಿಲು ತೆರೆದೇ ಇತ್ತು, ಎಲ್ಲವೂ ಕೇಳಿಸುತ್ತಿತ್ತು. ಮೈಸೂರಿನಿಂದ ಬಂದ ಪರೀಕ್ಷಕಿ ಎಲ್ಲವನ್ನೂ ಮೆಚ್ಚಿಕೊಂಡು ಕೊನೆಗೆ ಕೇಳಿದರು: “ಮೂರನೇ ಸಲಕ್ಕೆ ಮಾತ್ರ ಯಾಕಮ್ಮ ಒಂದು ವರ್ಷ ಜಾಸ್ತಿ ಆಯ್ತು?”

“ಮಷೀನ ಕೆಟ್ಟಿತ್ತರಿ ಮೇಡಂ,” ಎಂದು ನಾಡಗೌಡನೇ ಉತ್ತರಿಸಿದ.

ಆಮೇಲೆ ಶಿವಲೀಲಾಳ ದನಿ.

“ಕೆಟ್ಟಿರಲಿಲ್ರಿ. ದಸರಾದಾಗ ಸರ್ ಒಳಗ ಬನ್ನಿ ಇಟ್ರು. ನಾ ಬ್ಯಾಡ ಅಂದೆ, ಆದ್ರ ಅವರ ಕೈ ಹಿಡದು ತಡೀಲಿಲ್ಲ. ಮಷೀನ ಕೆಟ್ಟೈತಿ ಅಂತ ಸಹಿ ಹಾಕಿದಾಕಿ ನಾನ. ಅದು ಸುಳ್ಳರಿ.”

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಇವತ್ತು ಇದನ್ನ ಹೇಳಿದ್ರೆ ನಿನ್ನ ಪದವಿಗೇ ತೊಂದ್ರೆ ಆಗುತ್ತೆ, ಗೊತ್ತೇನಮ್ಮ?” ಎಂದರು ಪರೀಕ್ಷಕಿ.

“ಗೊತ್ತೈತ್ರಿ. ನಾಳೆ ಇದನ್ನ ಯಾರದರ ಮಂಡಿಯೊಳಗ ಹಾಕತಾರ್ರಿ. ಒಂದ ಕಡೆ ಸುಳ್ಳ ಬರದಾಕಿ ಉಳಿದಿದ್ದು ಖರೇ ಬರದಾಳ ಅಂತ ಅವರು ಹೆಂಗ ನಂಬಬೇಕ್ರಿ?”

ಕೆಲಸ ಚೊಕ್ಕವಾಗಿದೆ ಎಂದು ಪರೀಕ್ಷಕಿ ಬರೆದರು. ವಿಶ್ವವಿದ್ಯಾಲಯ ವಿಚಾರಣೆಗೆ ಸಮಿತಿ ನೇಮಿಸಿ, ಅದು ಮುಗಿಯುವ ತನಕ ಅವಳ ಪದವಿಯನ್ನು ತಡೆಹಿಡಿಯಿತು. ಸುಳ್ಳು ಬರೆಸಿದವನು ಈಗ ಡೀನ್. ಶಿವಲೀಲಾ ಒಂದು ರಕ್ತಪರೀಕ್ಷೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಾಳಂತೆ. ತಿಂಗಳಿಗೊಮ್ಮೆ ಬಂದು ಕಚೇರಿಯ ಮುಂದೆ ನಿಂತು, ಇನ್ನೂ ಆಗಿಲ್ಲ ಎಂದು ಕೇಳಿಸಿಕೊಂಡು ಹೋಗುತ್ತಾಳೆ. ಹೋಗುವಾಗ ನನ್ನ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ಅವಳ ಮೇಲಿನ ಸಿಟ್ಟು ನನಗೆ ಉಳಿದಿಲ್ಲ. ಉಳಿದವರ ಮೇಲಿನದು ಇಳಿದಿಲ್ಲ, ಇಳಿಯುವುದೂ ಬೇಡ.

ನನ್ನ ಬಾಗಿಲು ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ತೆರೆದಿತ್ತು ಎಂಬುದೆಲ್ಲ ನನ್ನೊಳಗೆ ದಾಖಲಾಗಿದೆ. ವಿಜಯದಶಮಿಯ ದಿನದ್ದೂ ಇದೆ. ನನ್ನ ಯಾವ ಭಾಗವೂ ಕೆಟ್ಟಿರಲಿಲ್ಲ ಎಂಬುದೂ ಇದೆ. ಪ್ಲಗ್ಗು ಸಿಕ್ಕಿಸಿ ಒಂದು ಗುಂಡಿ ಒತ್ತಿದರೆ ಸಾಕು, ತೆರೆಯ ಮೇಲೆ ಬರುತ್ತದೆ. ವಿಚಾರಣಾ ಸಮಿತಿ ಈ ವರ್ಷ ಪಕ್ಕದ ಹಾಲಿನಲ್ಲಿ ಮೂರು ಸಲ ಸೇರಿತು. ಮೂರನೆಯ ಸಲ ಹೊರಬರುವಾಗ ಅಧ್ಯಕ್ಷರು ನನ್ನ ಹತ್ತಿರ ಬಂದರು, ಆ ಕಡೆ ಈ ಕಡೆ ನೋಡಿದರು, ಕುಡಿದ ಚಹಾದ ಕಪ್ಪನ್ನು ನನ್ನ ತಲೆಯ ಮೇಲೆ ಇಟ್ಟು ಹೋದರು.