ಅಳಿಸಿದ ಲೆಕ್ಕ

ಖಾಲಿ ಹಾಳೆಗೆ ಸೊನ್ನೆ ಕೊಡಲು ಗಣಿತದ ಮೇಷ್ಟ್ರೇ ಆಗಬೇಕಿಲ್ಲ. ಆದರೂ ಕೆಂಪು ಪೆನ್ನಿನ ಮುಚ್ಚಳ ತೆಗೆದು ಮೇಷ್ಟ್ರು ಸುಮ್ಮನೆ ಕೂತಿದ್ದರು. ಮಧ್ಯಾಹ್ನದ ಬಿಸಿಲು ಸ್ಟಾಫ್ ರೂಮಿನ ಮೇಜಿನ ಮೇಲೆ ಮೈಚಾಚಿತ್ತು. ಸೀಮೆಸುಣ್ಣದ ಪುಡಿ ಅದರೊಳಗೆ ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು.

ಹಾಳೆ ಕೊನೇ ಬೆಂಚಿನ ಹುಡುಗಿಯದು; ಎಲ್ಲರೂ ಮೈನಸ್ ಎಂದು ಕರೆಯುವವಳು. ನಾಲ್ಕನೇ ಕಿರುಪರೀಕ್ಷೆ, ನಾಲ್ಕನೇ ಖಾಲಿ ಹಾಳೆ. ಅವಳನ್ನು ಗಣಿತ ಬಿಡಿಸಿ ಬೇರೆ ವಿಷಯಕ್ಕೆ ಹಾಕುವ ಫಾರ್ಮನ್ನು ಹೆಡ್ ಮೇಡಂ ಆಗಲೇ ಕೊಟ್ಟಿದ್ದರು. "ನಾಳೆ ಸಹಿ ಹಾಕ್ಬಿಡಿ ಸಾರ್. ಆ ಮಗುಗೂ ಹಿಂಸೆ, ನಿಮಗೂ ತಲೆನೋವು."

ಮೇಷ್ಟ್ರಿಗೆ ಮನಸ್ಸು ಬರುತ್ತಿರಲಿಲ್ಲ. ಮಕ್ಕಳನ್ನು ಒಲಿಸಿಕೊಳ್ಳುವುದರಲ್ಲಿ ತಮ್ಮದು ಎತ್ತಿದ ಕೈ ಎಂಬ ಜಂಬ ಅವರಿಗೆ. ಎಡವಟ್ಟು ಉತ್ತರಗಳನ್ನು ಗಟ್ಟಿಯಾಗಿ ಓದಿ ನಗಿಸುವುದು ಅವರ ಪದ್ಧತಿ. ನಕ್ಕರೆ ಗಣಿತದ ಭಯ ಹೋಗುತ್ತದಂತೆ. ವರ್ಷದ ಮೊದಲ ವಾರ ಈ ಹುಡುಗಿ, ಟ್ಯಾಂಕು ತುಂಬಲು ಮೈನಸ್ ಮೂರು ಗಂಟೆ ಬೇಕು ಎಂದು ಬರೆದಿದ್ದಳು. "ನಲ್ಲಿ ತಿರುಗಿಸೋಕೆ ಮೂರು ಗಂಟೆ ಮೊದಲೇ ಟ್ಯಾಂಕು ತುಂಬಿಬಿಡ್ತಂತೆ ಕಣ್ರೋ!" ಎಂದಿದ್ದರು ಮೇಷ್ಟ್ರು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಹೆಸರು ಅಂಟಿಕೊಂಡದ್ದು ಅಂದೇ. ಮುದ್ದಿನ ಹೆಸರೆಂದೇ ಅವರು ತಿಳಿದಿದ್ದರು.

ಫ್ಯಾನಿನ ಗಾಳಿಗೆ ಹಾಳೆ ಎದ್ದಿತು. ಎದ್ದು ಹಿಡಿದುಕೊಂಡವರು ಹಾಗೇ ನಿಂತುಬಿಟ್ಟರು. ಬಿಸಿಲಿಗೆ ಅಡ್ಡವಾದ ಹಾಳೆಯಲ್ಲಿ ಗೀರುಗಳು ಒಂದೊಂದಾಗಿ ಮೂಡತೊಡಗಿದವು. ಪೆನ್ಸಿಲಿನಲ್ಲಿ ಒತ್ತಿ ಬರೆದು, ರಬ್ಬರಿನಲ್ಲಿ ಉಜ್ಜಿ ಉಜ್ಜಿ ಅಳಿಸಿದ ಅಂಕಿಗಳು. ಮೊದಲ ಲೆಕ್ಕ ಸರಿ. ಎರಡನೆಯದೂ ಸರಿ. ಐದರಲ್ಲಿ ನಾಲ್ಕು ಸರಿ! ಯಾರ ಬಾಯಿಗೆ ಬೀಳಬಾರದೆಂದು ಅಳಿಸಿದಳು ಎಂಬುದು ಹೊಳೆದಾಗ ಅವರಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟರು. ಡ್ರಾಯರಿನಲ್ಲಿ ಇಂಕು ಮುಗಿದ ಪೆನ್ನೊಂದಿತ್ತು. ಅದನ್ನೇ ಒತ್ತಿ ಅವಳ ಹಾಳೆಯ ಮೇಲೆ ಎರಡು ಸಾಲು ಗೀಚಿದರು.

ಮರುದಿನ ಹಾಳೆ ಹಂಚಿದಾಗ ಪಕ್ಕದ ಹುಡುಗಿ ಇಣುಕಿದಳು. "ಸಾರ್, ಮೈನಸ್‌ಗೆ ಸೊನ್ನೇನೂ ಹಾಕಿಲ್ಲ ನೀವು!"

"ಆ ಹೆಸರು ಇನ್ನು ಬೇಡಮ್ಮ. ಅದಕ್ಕೆ ಕಾರಣ ನಾನು. ವಾಪಸ್ ತಗೊಂಡಿದೀನಿ."

ತರಗತಿ ಗುಸುಗುಟ್ಟಿತು. ಹುಡುಗಿ ಹಾಳೆಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಮೆಲ್ಲಗೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಷ್ಟ್ರ ಎರಡು ಸಾಲು ಮೂಡಿದವು: ನಾಲ್ಕು ಸರಿ. ಓದಿ ನಗಿಸಿದ್ದು ನನ್ನ ತಪ್ಪು.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. ಮುಷ್ಟಿಯಲ್ಲಿ ರಬ್ಬರಿತ್ತು.

"ಐದನೇದು ಎಲ್ಲಿ ತಪ್ಪಿದೆ ಸಾರ್?"

"ಅಳಿಸಿಬಿಟ್ಟಿದ್ದೀಯಲ್ಲ, ಹೇಗಮ್ಮ ತೋರಿಸ್ಲಿ? ಇನ್ನೊಂದ್ಸಲ ಬರಿ."

ಬರೆಯಲು ಅವರು ಹೆಡ್ ಮೇಡಂ ಕೊಟ್ಟ ಫಾರ್ಮನ್ನೇ ಬೋರಲು ಹಾಕಿ ಕೊಟ್ಟರು. ಹುಡುಗಿ ನಿಂತೇ ಬರೆದಳು. ಕೊನೇ ಸಾಲಿನಲ್ಲಿ ಮತ್ತೆ ಅದೇ ತಪ್ಪು. ಅವಳಿಗೇ ಗೊತ್ತಾಯಿತು, ರಬ್ಬರಿದ್ದ ಕೈ ಹಾಳೆಯವರೆಗೆ ಬಂದಿತು.

ಅವಳು ರಬ್ಬರನ್ನು ಮೇಜಿನ ಮೇಲಿಟ್ಟಳು. ತಪ್ಪು ಉತ್ತರ ಕಪ್ಪಗೆ, ದಪ್ಪಗೆ, ಬಿಸಿಲಿನಲ್ಲಿ ಹಾಗೇ ಇತ್ತು.