ಮೈಗಳ್ಳಿ

ನನ್ನ ಗಂಡ ನೆವ್‌ಗೆ ನಾಯಿಯ ಮೇಲೆ ಕರುಣೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಕರುಣೆ ಇತ್ತು, ಆದರೆ ತೋರಿಸಿದರೆ ನಾಯಿ ಕೆಡುತ್ತದೆ ಅನ್ನುವುದು ಅವನ ಅಪ್ಪನ ಕಾಲದಿಂದ ಬಂದ ನಂಬಿಕೆ. ನಮ್ಮ ಕ್ಯಾಸ್ಟರ್ಟನ್ ಊರಿನ ಸುತ್ತಮುತ್ತ ಕುರಿ ಸಾಕುವವರೆಲ್ಲ ಹಾಗೆಯೇ. ಕುರಿ ಅಟ್ಟುವ ಕೆಲ್ಪಿ ನಾಯಿ ಮನೆಯೊಳಗೆ ಕಾಲಿಡಬಾರದು, ಅದರ ತಲೆ ಸವರಬಾರದು, ಕೆಲಸ ಮುಗಿದರೆ ಸರಪಳಿ ಮತ್ತು ತಗಡಿನ ಗೂಡು. ದಡ್ಡ ಗಂಡಸರು.

ನಮ್ಮ ಟ್ಯಾನ್ಸಿ ಇಡೀ ಮಂದೆಯನ್ನು ಒಬ್ಬಳೇ ದೊಡ್ಡಿಗೆ ತುಂಬುತ್ತಿದ್ದವಳು. ಈ ಸಲ ಉಣ್ಣೆ ಕತ್ತರಿಸುವ ಹೊತ್ತಿಗೆ ಅವಳಿಗೆ ಏನೋ ಆಯಿತು. ಓಡುತ್ತಿದ್ದವಳು ನಡುವೆಯೇ ನಿಂತು, ಏದುಸಿರು ಬಿಡುತ್ತ, ನೀರಿನ ತೊಟ್ಟಿಯೊಳಗೆ ಹೋಗಿ ಕೂತುಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು, ಏನೂ ಆಗದವಳಂತೆ ಮತ್ತೆ ಓಡುತ್ತಿದ್ದಳು. ಅದೇ ಅವಳಿಗೆ ಮುಳುವಾಯಿತು. ಪಕ್ಕದ ಜಮೀನಿನ ಬ್ಯಾರಿ ಬೇಲಿಗೆ ಒರಗಿಕೊಂಡು, "ನಿನ್ ನಾಯಿ ಯೂನಿಯನ್ ಸೇರ್ಕೊಂಡಿದೆ ಕಣೋ, ಟೀ ಹೊತ್ತಿಗೆ ಸರಿಯಾಗಿ ಕೂತ್ಕೊಳತ್ತೆ" ಅಂದ. ಉಣ್ಣೆ ಕತ್ತರಿಸುವವರೆಲ್ಲ ನಕ್ಕರು. ನಾನೂ ನಕ್ಕೆ.

ನೆವ್‌ಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನಮ್ಮೂರ ಗಂಡಸರು ಹೆಂಡತಿಯನ್ನು ಆಡಿಕೊಂಡರೂ ತಡೆದುಕೊಳ್ಳುತ್ತಾರೆ, ನಾಯಿಯನ್ನು ಆಡಿಕೊಂಡರೆ ಇಲ್ಲ. ಅಂದಿನಿಂದ ಅವಳ ಹೆಸರೇ ಹೋಯಿತು. ಬೆಳಿಗ್ಗೆ ಮೈಗಳ್ಳಿ, ಸಂಜೆ ಮೈಗಳ್ಳಿ, ಊಟ ಹಾಕುವಾಗಲೂ ಮೈಗಳ್ಳಿ. ಯೂಟ್ ಗಾಡಿಯ ಹಿಂದಿನ ತೆರೆದ ಭಾಗಕ್ಕೆ ಹತ್ತಲು ಬಂದರೆ ಕಾಲಲ್ಲಿ ತಳ್ಳಿ, ಬಿಸಿಲಲ್ಲಿ ಕಟ್ಟಿಹಾಕಿ ಹೋಗುತ್ತಿದ್ದ.

ಒಂದು ದಿನ ಕಟ್ಟಿದ ಜಾಗದಲ್ಲೇ ಕುಸಿದುಬಿದ್ದಳು. ಊರಿನ ಪಶುವೈದ್ಯ ಮೆಲ್ಬರ್ನಿಗೆ ಕಳಿಸಿದ. ಅಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಟ್ರೂಡಿ ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದಳು. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಬೆಳೆದಿದೆ. ಅದು ಮನಸ್ಸು ಬಂದಾಗಲೆಲ್ಲ ಅಡ್ರಿನಲಿನ್ ಸುರಿಯುತ್ತದೆ. ಆಗ ರಕ್ತದೊತ್ತಡ ಏರಿ, ಎದೆ ಹುಚ್ಚು ಹಿಡಿದಂತೆ ಬಡಿದುಕೊಂಡು, ಕಾಲುಗಳು ಸೋತುಹೋಗುತ್ತವೆ.

ನೆವ್ ಕೈಯಲ್ಲಿದ್ದ ಟೋಪಿ ತಿರುವುತ್ತ ಕೇಳಿದ, "ಹಾಗಾದ್ರೆ ಅವ್ಳು ಕೂತ್ಕೋತಿದ್ದಿದ್ದು..."

"ನಿಲ್ಲಕ್ಕೆ ಆಗ್ದೆ," ಅಂದಳು ಟ್ರೂಡಿ. "ಅಷ್ಟಾದ್ರೂ ಮತ್ತೆ ಎದ್ದು ಓಡ್ತಿದ್ಲಲ್ಲ, ಅದೇ ಆಶ್ಚರ್ಯ."

ಕೊಯ್ಯುವ ಮೊದಲು ಎರಡು ವಾರ ಮನೆಯೊಳಗೇ ಇಟ್ಟುಕೊಂಡು ರಕ್ತದೊತ್ತಡ ಇಳಿಸುವ ಮಾತ್ರೆ ಕೊಡಬೇಕಿತ್ತು. ಅಲ್ಲಿಯವರೆಗೆ ನಾಯಿ ಗಾಬರಿಯಾಗಬಾರದು, ಸಂಭ್ರಮವನ್ನೂ ಪಡಬಾರದು. ಯೂಟ್ ಶಬ್ದ ಕೇಳಿದರೆ ಸಾಕು, ಟ್ಯಾನ್ಸಿ ಕೆಲಸಕ್ಕೆ ಹೊರಡಲು ಬಾಗಿಲು ಕೆರೆಯುತ್ತಿದ್ದಳು. ಅದಕ್ಕೆ ನೆವ್ ಪ್ರತಿ ಬೆಳಿಗ್ಗೆ ಎಂಜಿನ್ ಹಾಕದೆ, ಗಾಡಿಯನ್ನು ಗೇಟಿನಾಚೆಯವರೆಗೂ ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದ. ಅರವತ್ತು ದಾಟಿದ ಮುದುಕ, ಸೊಂಟನೋವು ಬೇರೆ. ಬ್ಯಾಟರಿ ಹೋಯಿತಾ ಅಂತ ಬ್ಯಾರಿ ಕೇಳಿದರೆ ಹೂಂ ಅಂದ. ಟ್ಯಾನ್ಸಿ ನಮ್ಮ ಅಡುಗೆಮನೆಯ ಕಂಬಳಿಯ ಮೇಲೆ ಮಲಗಿರುತ್ತಿದ್ದಳು, ಅವಳ ಹತ್ತಿರ ಬಾಯಿ ಬಿಡಲೂ ಇವನಿಗೆ ಹೆದರಿಕೆ. ಬೈಯುವಾಗ ಊರಿಗೆಲ್ಲ ಕೇಳುತ್ತಿತ್ತಲ್ಲ, ಈಗ ಯಾಕೆ ಮೂಗನಾದೆ ಅಂತ ಚುಚ್ಚಿದೆ. ಅಂದುಬಿಟ್ಟ ಮೇಲೆ ನನಗೇ ಸಂಕಟವಾಯಿತು. ಅವತ್ತು ನಕ್ಕವಳು ನಾನೂ ತಾನೇ.

ಎರಡು ವಾರದ ಮೇಲೆ ಕೊಯ್ದು ನೋಡಿದರೆ ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತಂತೆ. ಕೈ ತಗುಲಿದಾಗಲೆಲ್ಲ ಒತ್ತಡ ಮುಗಿಲಿಗೇರಿ, ಒಮ್ಮೆ ಎದೆಬಡಿತವೇ ತಪ್ಪಿತಂತೆ. ಅಂತೂ ತೆಗೆದರು. ಆದರೆ ಮಾರನೆಯ ದಿನವೂ ಟ್ಯಾನ್ಸಿ ತಲೆ ಎತ್ತಲಿಲ್ಲ, ನೀರೂ ಮುಟ್ಟಲಿಲ್ಲ. ಹೀಗೇ ಮಲಗಿದರೆ ಉಳಿಯುವುದು ಕಷ್ಟ, ಗೊತ್ತಿರುವ ದನಿ ಕೇಳಿಸಲಿ ಅಂತ ಟ್ರೂಡಿ ನಮ್ಮನ್ನು ಒಳಗೆ ಕರೆದಳು.

ನೆವ್ ಆಸ್ಪತ್ರೆಯ ಗೂಡಿನ ಮುಂದೆ ಮಂಡಿಯೂರಿದ. "ಟ್ಯಾನ್ಸಿ" ಅಂದ. ಅಷ್ಟು ಮೆತ್ತಗಿನ ದನಿ ನಾನು ನಮ್ಮ ಮದುವೆಯಲ್ಲೂ ಕೇಳಿರಲಿಲ್ಲ. "ಟ್ಯಾನ್ಸಿ, ನನ್ ಬಂಗಾರ." ಅವಳ ಕಿವಿ ಕೂಡ ಅಲುಗಲಿಲ್ಲ. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವಂತೆ ಮಲಗಿಯೇ ಇದ್ದಳು.

"ಮನೇಲಿ ಹೆಂಗೆ ಕರೀತೀರೋ ಹಂಗೇ ಕರೀರಿ," ಅಂದಳು ಟ್ರೂಡಿ.

ನೆವ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಗೂಡಿನತ್ತ ಬಾಗಿದ.

"ಏಳೇ, ಮೈಗಳ್ಳಿ."

ಬಾಲ ಗೂಡಿನ ತಗಡಿಗೆ ಒಂದು ಸಲ ಬಡಿಯಿತು, ಇನ್ನೊಂದು ಸಲ ಬಡಿಯಿತು. ಅವಳು ತಲೆ ಎತ್ತಿದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎಳೆದುಕೊಂಡು, ಕೆಲಸಕ್ಕೆ ಹೊರಡಲು ಏಳತೊಡಗಿದಳು.