ಎರಡು ಗುಂಡಿನ ಯಂತ್ರ

ಸಂಪಾಜೆ ಪೇಟೆಯಲ್ಲಿ ಬೆಳ್ಯಪ್ಪನ ಮೈಕ್ ಸೆಟ್ ಅಂಗಡಿಯ ಮೆಟ್ಟಿಲು ಹತ್ತಿದ ಗುರುವಪ್ಪನ ಮುಖದಲ್ಲಿ ಗಿರಾಕಿಯ ಆಸೆಯೇನೂ ಇರಲಿಲ್ಲ. ಎಲ್ಲವನ್ನೂ ಮೊದಲೇ ತಿರಸ್ಕರಿಸಿಬಿಟ್ಟು, ಬರೀ ಶಿಷ್ಟಾಚಾರಕ್ಕೆ ವಿಚಾರಣೆ ನಡೆಸಲು ಬಂದ ನ್ಯಾಯಾಧೀಶನ ಆಲಸ್ಯವಿತ್ತು. ಹೆಗಲ ಮೇಲೆ ಕಾಫಿ ಗೋಣಿಯಲ್ಲಿ ಸುತ್ತಿದ ಎಲೆಕ್ಟ್ರಿಕ್ ಗಿಟಾರ್. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷ ಕಳೆದಿದ್ದರೂ ಆ ಘಟ್ಟದ ರಸ್ತೆಯ ಉದ್ದಕ್ಕೂ ಅಂಥ ವಸ್ತು ಮತ್ತೊಂದು ಇರಲಿಲ್ಲ. ಅದನ್ನು ನೋಡಲು ಯಾರೂ ಓಡಿ ಬರುತ್ತಲೂ ಇರಲಿಲ್ಲ. ಈ ಎರಡನೆಯ ಸಂಗತಿಗಾಗಿ ಅವನು ಊರನ್ನು ಕ್ಷಮಿಸಿರಲಿಲ್ಲ.

ಮಂಗಳೂರಿನಲ್ಲಿ ಕಾಲೇಜಿನ ಹೆಸರು ಹೇಳಿಕೊಂಡು ಕಳೆದ ದಿನಗಳಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ. ಬಂದರಿನ ಬಳಿ ಹಡಗಿನ ಅಡುಗೆಯವನೊಬ್ಬನ ಕೋಣೆಯಲ್ಲಿ ಅವನು ಒಂದು ವಿಲಾಯತಿ ರೆಕಾರ್ಡ್ ಕೇಳಿದ್ದ. ಅದರಲ್ಲಿ ಗಿಟಾರ್ ಹಾಡುತ್ತಿರಲಿಲ್ಲ. ತಗಡನ್ನು ಉದ್ದಕ್ಕೆ ಸೀಳಿದಂತೆ, ಸೀಳಿದ ತಗಡು ನೋವಿನಿಂದ ಗುಡುಗಿದಂತೆ ಮೊರೆಯುತ್ತಿತ್ತು. ಅಂದಿನಿಂದ ಇಂಪು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗುರುವಪ್ಪನಿಗೆ ಹುಳಿತೇಗು ಬರುತ್ತಿತ್ತು. ಮದುವೆಯ ವಾಲಗ, ರೇಡಿಯೋದ ಭಾವಗೀತೆ, ಚರ್ಚಿನ ಹಾರ್ಮೋನಿಯಂ ಎಲ್ಲವೂ ಅವನ ಲೆಕ್ಕದಲ್ಲಿ ಹಲ್ಲಿಲ್ಲದವರು ಜಗಿಯುವ ಅನ್ನ.

ಇಂಥವನಿಗೆ ತಂದೆ ಬೋಜಪ್ಪ ಒಂದು ಗತಿ ಕಾಣಿಸಿದ್ದ. ನೆರೆಯ ಎಸ್ಟೇಟಿನಲ್ಲಿ ರೈಟರ್ ಕೆಲಸ ಖಾಲಿಯಿತ್ತು. ಬೆಳಿಗ್ಗೆ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಆಳುಗಳ ಹಾಜರಿ ಕೂಗುವುದು, ಸಂಜೆ ಕಾಫಿ ಹಣ್ಣಿನ ಬುಟ್ಟಿ ಅಳೆಯುವುದು. ಗುರುವಪ್ಪ ತನ್ನ ಬದುಕಿಗೆ ಬೀಗ ಜಡಿದಂತೆ ಕಂಡು ಉಗ್ರನಾದ. ಕಡೆಗೆ ಅಪ್ಪ ಮಗನ ನಡುವೆ ಒಂದು ಕರಾರಾಯಿತು. ಘಟ್ಟದ ಮೇಲಿನ ಪ್ಲಾಂಟರುಗಳ ಕ್ಲಬ್ಬಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವವ ಕೆಲಸ ಬಿಟ್ಟಿದ್ದ. ವರ್ಷದ ಕೊನೆಯ ಡ್ಯಾನ್ಸಿಗೆ ಹೊಸಬ ಬೇಕಾಗಿತ್ತು. ಕ್ಲಬ್ಬಿನ ಕಾರ್ಯದರ್ಶಿ ಸೋಮಯ್ಯ ಭಾನುವಾರ ಮನೆಗೇ ಬಂದು ಕೇಳಿ ಹೋಗಲು ಒಪ್ಪಿದ್ದ. ಅವನು ಆರಿಸಿಕೊಂಡರೆ ಬೋಜಪ್ಪ ಬಾಯಿ ಮುಚ್ಚಿಕೊಳ್ಳಬೇಕು; ಆರಿಸದಿದ್ದರೆ ಸೋಮವಾರ ಬೆಳಿಗ್ಗೆ ಗುರುವಪ್ಪ ಎಸ್ಟೇಟಿಗೆ ಹೋಗಬೇಕು. ಕ್ಲಬ್ಬಿನ ಷರತ್ತು ಒಂದೇ: ವಾದ್ಯದ ಜೊತೆ ಆಂಪ್ಲಿಫೈಯರನ್ನೂ ನುಡಿಸುವವನೇ ತರತಕ್ಕದ್ದು.

ಆದ್ದರಿಂದ ಬೆಳ್ಯಪ್ಪನ ಅಂಗಡಿ.

ಬೆಳ್ಯಪ್ಪ ತನ್ನ ಹೊಸ ಪೆಟ್ಟಿಗೆಯ ಮೇಲಿನ ವೆಲ್ವೆಟ್ ಬಟ್ಟೆಯನ್ನು ಮದುಮಗಳ ಮುಸುಕು ಸರಿಸುವಂತೆ ಸರಿಸಿದ. ಮದ್ರಾಸಿನಿಂದ ಬಂದದ್ದು, ಟ್ರಾನ್ಸಿಸ್ಟರ್ ಮಾಲು, ಪೆಟ್ಟಿಗೆಯೊಳಗೇ ಸ್ಪೀಕರ್. ಗುರುವಪ್ಪ ಗಿಟಾರಿನ ವಯರ್ ಸಿಕ್ಕಿಸಿ ಒಮ್ಮೆ ಮೀಟಿದ. ಹಾಲು ಕುಡಿದು ಮಲಗಿದ ಮಗು ನಿದ್ದೆಯಲ್ಲಿ ನಕ್ಕಂಥ ನಾದ ಹೊರಟಿತು. ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಮಗು ದೊಡ್ಡದಾಯಿತೇ ಹೊರತು ಎಚ್ಚರಗೊಳ್ಳಲಿಲ್ಲ.

"ಮಂತ್ರಿ ಕೆಮ್ಮಿದ್ರೂ ಇದ್ರಲ್ಲಿ ಸಂಗೀತದಂಗೆ ಕೇಳ್ತದೆ," ಎಂದ ಬೆಳ್ಯಪ್ಪ.

"ನಂಗೆ ಸಂಗೀತ ಕೆಮ್ಮಿದಂಗೆ ಕೇಳೊಕು, ಬೆಳ್ಯಪ್ಪಣ್ಣ. ಆ ಮೂಲೇಲಿ ಇರುದು ಎಂತ?"

ಮೂಲೆಯಲ್ಲಿದ್ದದ್ದನ್ನು ಬೆಳ್ಯಪ್ಪ ಮನೆಯ ಹುಚ್ಚು ನೆಂಟನಂತೆ ಮರೆಮಾಡಿದ್ದ. ಟೂರಿಂಗ್ ಟಾಕೀಸಿನವನೊಬ್ಬ ಮಳೆಗಾಲಕ್ಕೆ ಹೆದರಿ ಬಿಟ್ಟುಹೋದ ಕಬ್ಬಿಣದ ಪೆಟ್ಟಿಗೆ ಅದು. ಒಳಗೆ ಬಾಟಲಿಯಂಥ ವಾಲ್ವುಗಳು, ಹೊರಗೆ ತುಕ್ಕು. ವಾಲ್ಯೂಮನ್ನು ಅರ್ಧದಾಚೆ ತಿರುಗಿಸಿದರೆ ನಾಯಕಿಯ ಪ್ರೇಮಸಲ್ಲಾಪವೂ ಹುಲಿಯ ಗರ್ಜನೆಯಾಗುತ್ತಿತ್ತೆಂದು ಪ್ರೇಕ್ಷಕರು ಕುರ್ಚಿ ಎಸೆದಿದ್ದರಂತೆ. ಗುರುವಪ್ಪನ ಕಣ್ಣು ಅಂದು ಮೊದಲ ಬಾರಿಗೆ ಅರಳಿತು.

"ಒಂದೇ ಸಲಕ್ಕೆ ಹಿಡಿಯೊಲ್ಲೆ ಅದ್. ಸ್ವಿಚ್ ಎರಡು ಸಲ ಒತ್ತೊಕು. ಒತ್ತಿದಾಗೆಲ್ಲ ಒದೀತದೆ," ಎಂದು ಬೆಳ್ಯಪ್ಪ ಎಚ್ಚರಿಸಿದ.

ಅಂಗಡಿಯ ಸ್ಪೀಕರೊಂದಕ್ಕೆ ಜೋಡಿಸಿ ಒತ್ತಿದರೆ ಢಮ್ ಎಂದಿತು. ಮತ್ತೆ ಒತ್ತಿದರೆ ಮತ್ತೆ ಢಮ್. ಕಪಾಟಿನ ಗಾಜು ನಡುಗಿತು. ವಾಲ್ವುಗಳು ಕೆಂಪಗೆ ಕಾಯುವವರೆಗೆ ಕಾದು ಗುರುವಪ್ಪ ವಾಲ್ಯೂಮನ್ನು ತುದಿಮುಟ್ಟಿಸಿ ಮೀಟಿದ. ಹಡಗಿನ ಅಡುಗೆಯವನ ಕೋಣೆ ಸಂಪಾಜೆಗೆ ಬಂದು ಇಳಿಯಿತು. ಸ್ವರ ಮುರಿಯಿತು, ಹರಿಯಿತು, ಹರಿದ ಅಂಚುಗಳೊಂದಿಗೆ ನಿಂತು ಕೂಗಿತು. ಬೆರಳು ತೆಗೆದರೂ ಸಾಯಲೊಲ್ಲದೆ ಮೊರೆಯಿತು. ಪಕ್ಕದ ಹೋಟೆಲಿನಿಂದ ಯಾರೋ ಹಂದಿ ಸಿಕ್ಕಿಬಿತ್ತೇ ಎಂದು ವಿಚಾರಿಸಿದರು. ಪೆಟ್ಟಿಗೆ ಬಾಡಿಗೆಗೆ ಹೋಗುವುದೆಂದು ಕನಸಿನಲ್ಲೂ ಎಣಿಸದಿದ್ದ ಬೆಳ್ಯಪ್ಪ, ಅದಕ್ಕೆ ಸ್ವಂತ ಸ್ಪೀಕರ್ ಇಲ್ಲವೆಂಬ ನೆಪದಿಂದ ಒಂದು ಉದ್ದನೆಯ ತಗಡಿನ ಹಾರ್ನನ್ನೂ ಜೊತೆಗೆ ದಾಟಿಸಿದ. ಬಾಡಿಗೆ ಜೀಪಿಗೆ ಹೇರುವಾಗ ಅವನು ನಗು ತಡೆದುಕೊಂಡದ್ದನ್ನು ಗುರುವಪ್ಪ ಗಮನಿಸಿದ. ಸಣ್ಣ ಮನುಷ್ಯ, ಸಣ್ಣ ಕಿವಿ ಎಂದುಕೊಂಡ.

ಮನೆ ಇದ್ದದ್ದು ಸಂಪಾಜೆಗಿಂತ ಮೇಲೆ, ಕಣಿವೆಯ ನೆತ್ತಿಯ ಮೇಲೆ. ಒಳಕೋಣೆಯಲ್ಲಿ ಬೋಜಪ್ಪನ ತಾಯಿ ಬೊಳ್ಳಮ್ಮ ಮಳೆಗಾಲದಿಂದ ಮಲಗಿಕೊಂಡಿದ್ದಳು. ಸುಗ್ಗಿಯ ಪುತ್ತರಿ ಹಬ್ಬ ದಾಟುವುದಿಲ್ಲ ಎಂದು ಊರು ತೀರ್ಮಾನಿಸಿತ್ತು. ಪುತ್ತರಿ ದಾಟಿ, ತೋಟಗಳಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗಿ, ಊರು ತನ್ನ ತೀರ್ಮಾನಕ್ಕೆ ತಾನೇ ನಾಚಿಕೊಳ್ಳುವಂತಾಗಿತ್ತು. ಗುರುವಪ್ಪನ ತಿರಸ್ಕಾರದಿಂದ ತಪ್ಪಿಸಿಕೊಂಡಿದ್ದ ಒಂದೇ ಜೀವ ಈ ಅಜ್ಜಿ; ಬಹುಶಃ ಅವಳು ತಿರಸ್ಕಾರದಲ್ಲಿ ಅವನಿಗಿಂತ ಹಿರಿಯಳೆಂಬ ಕಾರಣಕ್ಕೆ. ಅವಳ ಕಿವಿಗೆ ತೊಂದರೆಯಾಗಬಾರದೆಂದು ಅವನು ಹಾರ್ನನ್ನು ಕಣದಂಚಿನ ಹಲಸಿನ ಮರಕ್ಕೆ ಕಟ್ಟಿ, ಬಾಯಿಯನ್ನು ಮನೆಯಿಂದ ಆಚೆಗೆ, ನೇರ ಕಣಿವೆಗೆ ತಿರುಗಿಸಿದ.

ಅವನ ಬದುಕಿನ ಏಕೈಕ ದಯೆಯ ಕೆಲಸವೇ ಅವನನ್ನು ಕೆಡಿಸಿತು.

ಭಾನುವಾರ ಬೆಳಿಗ್ಗೆ ಬೋಜಪ್ಪ ಹಂದಿಮಾಂಸ ತರಲು ಪೇಟೆಗೆ ಇಳಿದಿದ್ದ. ಗುರುವಪ್ಪನ ತಾಯಿ ಗಂಗಮ್ಮ ದನದ ಹಟ್ಟಿಯಲ್ಲಿದ್ದಳು. ಸೋಮಯ್ಯ ಬರುವ ಮೊದಲು ಕೈ ಪಳಗಿಸಿಕೊಳ್ಳೋಣವೆಂದು ಗುರುವಪ್ಪ ಸ್ವಿಚ್ ಒತ್ತಿದ. ಢಮ್. ಮತ್ತೆ ಒತ್ತಿದ. ಢಮ್. ಅಂಗಡಿಯಲ್ಲಿ ಗಾಜನ್ನಷ್ಟೇ ನಡುಗಿಸಿದ್ದ ಒದೆತ ಈಗ ಹಾರ್ನಿನ ಬಾಯಿಂದ ಹಾರಿ, ಎದುರಿನ ಗುಡ್ಡಕ್ಕೆ ಬಡಿದು ಹಿಂತಿರುಗಿತು.

ಆ ಕಣಿವೆಯಲ್ಲಿ ಒಂದರ ಹಿಂದೆ ಒಂದು ಎರಡು ಗುಂಡು ಹಾರಿದರೆ ಅದಕ್ಕೆ ಒಂದೇ ಅರ್ಥ: ಆ ಮನೆಯಲ್ಲಿ ಸಾವು. ಗಂಡು ಹುಟ್ಟಿದರೆ ಒಂದು, ಸತ್ತರೆ ಎರಡು. ಟಪ್ಪಾಲಿಗಿಂತ ಹಳೆಯ ಟಪ್ಪಾಲು ಅದು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡಬೇಕು. ಯಾರು ಸತ್ತರೆಂದು ಈ ಸಲ ಯಾರೂ ಕೇಳಬೇಕಾಗಿರಲಿಲ್ಲ. ಗಿಡಗಳ ನಡುವೆ ಕೈಗಳು ನಿಂತವು. ಕೆಳಗಿನ ಮನೆಯವರು ಸುದ್ದಿ ಮುಟ್ಟಲೆಂದು ತಮ್ಮ ಕೋವಿಯಿಂದ ಎರಡು ಹಾರಿಸಿದರು. ಅದನ್ನು ಕೇಳಿ ಅದರಾಚೆಯವರು ಎರಡು. ಬೊಳ್ಳಮ್ಮನ ಮರಣ ಒಂದು ಗುಡ್ಡದಿಂದ ಇನ್ನೊಂದಕ್ಕೆ ಜಿಗಿಯುತ್ತ ಅವಳು ಕಾಫಿ ಕೇಳುವಷ್ಟರಲ್ಲಿ ಸಂಪಾಜೆ ತಲುಪಿತ್ತು.

ಅಷ್ಟರಲ್ಲಿ ಗಿಟಾರ್ ಮೊರೆಯತೊಡಗಿತ್ತು. ದೂರದಿಂದ ಅದನ್ನು ಕೇಳಿದ ಜನ ವಾದ್ಯವೆಂದು ಊಹಿಸಲಿಲ್ಲ. ಮೊಮ್ಮಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆಂದುಕೊಂಡರು. ಅಹಂಕಾರಿಯಾದರೂ ಕರುಳಿದೆ ಎಂದು ಹೆಂಗಸರು ದಾರಿಯಲ್ಲೇ ಕಣ್ಣೊರೆಸಿಕೊಂಡರು.

ಗುರುವಪ್ಪ ನುಡಿಸುವಾಗ ಕಣ್ಣು ಮುಚ್ಚುತ್ತಿದ್ದ. ಅಂದು ತೆರೆದಾಗ ಕಣದ ತುಂಬ ಜನ. ಎಲ್ಲರೂ ಬಿಳಿ ಬಟ್ಟೆಯಲ್ಲಿ, ತಲೆ ತಗ್ಗಿಸಿ, ಮಾತಿಲ್ಲದೆ ನಿಂತಿದ್ದರು. ಕೆಲವರ ಭುಜ ಅಲುಗುತ್ತಿತ್ತು. ಟೋಪಿಯನ್ನು ಎದೆಗೊತ್ತಿಕೊಂಡ ಸೋಮಯ್ಯನೂ ಅವರ ನಡುವೆ ಇದ್ದ. ಕಡೆಗೂ ಊರಿಗೆ ಕಿವಿ ಬಂತು ಎಂದು ಗುರುವಪ್ಪನ ಎದೆ ಉಬ್ಬಿತು. ಇವರನ್ನು ಇಷ್ಟು ದಿನ ಹೀಗಳೆದದ್ದು ತಪ್ಪಾಯಿತೇನೋ ಎಂಬ ಅನುಮಾನವೂ ಒಂದು ಕ್ಷಣ ಸುಳಿಯಿತು. ಅವನು ಇನ್ನಷ್ಟು ಭೀಕರವಾಗಿ ನುಡಿಸಿದ. ಜನ ಇನ್ನಷ್ಟು ತಲೆ ತಗ್ಗಿಸಿದರು.

ಒಳಗೆ ಹೋದ ಹೆಂಗಸರ ಗೋಳು ಎದ್ದಿತು; ಎದ್ದಷ್ಟೇ ಥಟ್ಟನೆ ಅರ್ಧಕ್ಕೆ ನಿಂತಿತು. ಗುರುವಪ್ಪನ ಕೈಯೂ ನಿಂತಿತು. ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಬೊಳ್ಳಮ್ಮ ಜಗಲಿಗೆ ಬಂದಳು. ಮಳೆಗಾಲದಿಂದ ಅವಳು ಹೊಸ್ತಿಲು ದಾಟಿರಲಿಲ್ಲ.

"ಎಂತ ಮಕ್ಕಳೇ, ನಾ ಯಾವಾಗ ಸತ್ತೆ? ನಂಗೆ ಯಾರೂ ಹೇಳಿತ್ಲೆ."

ಅಜ್ಜಿ ಕಣ್ಣು ಕಿರಿದು ಮಾಡಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಗದ್ದೆಯ ಬದುವಿಗಾಗಿ ಮಾತು ಬಿಟ್ಟವರು ಬಂದಿದ್ದರು. ವಾರಕ್ಕೊಮ್ಮೆ ಬಂದು ಅವಳ ಕಾಲೊತ್ತಿ ಊಟ ಮಾಡಿ ಹೋಗುತ್ತಿದ್ದ ತಂಗಿಯ ಮಗನ ಪತ್ತೆಯಿರಲಿಲ್ಲ. ಅವಳು ಅದನ್ನು ಗಟ್ಟಿಯಾಗಿಯೇ ಹೇಳಿ, ಒಂದು ಗುಟುಕು ಕಾಫಿ ಕುಡಿದಳು.

ಆಗ ಬೋಜಪ್ಪ ಏದುಸಿರು ಬಿಡುತ್ತ ಬಂದ. ಮಾಂಸಕ್ಕೆ ಹೋದವನು ಪೇಟೆಯಲ್ಲಿ ಸುದ್ದಿ ಕೇಳಿ, ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ತಂದಿದ್ದ. ಹಿಂದೆ ಮುಖ ಬಾಡಿಸಿಕೊಂಡ ಬೆಳ್ಯಪ್ಪ. ಜಗಲಿಯ ಮೇಲಿದ್ದ ತಾಯಿಯನ್ನು ಕಂಡು ಬೋಜಪ್ಪ ಅಳುವುದೋ ಬೈಯುವುದೋ ತಿಳಿಯದೆ ನಿಂತ. ಅಜ್ಜಿ ಬಟ್ಟೆಯನ್ನು ಅವನ ಕಂಕುಳಿನಿಂದ ಎಳೆದು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಇಷ್ಟು ತೆಳ್ಳಗಿರುದಾ? ಈ ಚಳಿಲಿ ನಾ ಇದ್ರಲ್ಲಿ ಮಲಗೊಕಾ, ಬೋಜ?"

ಮರದ ಹಾರ್ನನ್ನೂ ಪೆಟ್ಟಿಗೆಯನ್ನೂ ನೋಡಿ ಜನರಿಗೆ ಆ ಎರಡು ಗುಂಡಿನ ಕಾರಣ ತಿಳಿಯಿತು. ಬೆಳ್ಯಪ್ಪ ಮುಂದೆ ಬಂದು, ಎರಡು ಸಲ ಒತ್ತಬೇಕೆಂದು ತಾನು ಹೇಳಿದ್ದಕ್ಕೆ ದೇವರೇ ಸಾಕ್ಷಿ ಎಂದ. ಹೊಸ ಪೆಟ್ಟಿಗೆ ಕೊಂಡೊಯ್ದಿದ್ದರೆ ಇರುವೆಯೂ ಬೆಚ್ಚುತ್ತಿರಲಿಲ್ಲ ಎಂದೂ ಸೇರಿಸಿದ. ನಗು ಅಲ್ಲಲ್ಲಿ ಹೊತ್ತಿಕೊಂಡಿತು. ತನ್ನ ಸಂಗೀತಕ್ಕೆ ತಲೆ ತಗ್ಗಿಸಿದ್ದರೆಂದು ಎಣಿಸಿದ ಮುಖಗಳು ಈಗ ತನ್ನನ್ನು ನೋಡಿ ಹಲ್ಲು ಬಿಡುವುದನ್ನು ಗುರುವಪ್ಪ ನುಂಗಿಕೊಂಡ. ಕೆಳಗಿನ ಮನೆಯ ಯಮುನ, ಮುಖದ ಮೇಲೆ ಇನ್ನೂ ಒಣಗದ ಕಣ್ಣೀರಿದ್ದವಳು, ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ ಅವನಿಗೆ ಹೇಳಿದಳು: "ನೀ ಅಳ್ತಿದ್ದೀಯ ಅಂತ ತಿಳ್ಕೊಂಡೆ ಗುರುವಣ್ಣ. ಕೇಳಿ ನಂಗೂ ತಡೆಯಕ್ಕಾಗಿತ್ಲೆ."

ಅಷ್ಟರಲ್ಲಿ ಸೋಮಯ್ಯ ಟೋಪಿಯನ್ನು ಎದೆಯಿಂದ ತೆಗೆದು ತಲೆಗಿಟ್ಟುಕೊಂಡು ಮತ್ತೆ ಕಾರ್ಯದರ್ಶಿಯಾಗಿದ್ದ.

"ಕೈ ಚೆನ್ನಾಗುಂಟು ನಿಂದು. ಆದ್ರೆ ಈ ಗರಗಸಕ್ಕೆ ಲೇಡೀಸ್ ಡ್ಯಾನ್ಸ್ ಮಾಡೋದು ಹೇಗೆ? ಬೆಳ್ಯಪ್ಪನ ಹೊಸ ಸೆಟ್ ತಗೊಂಡು ಬಾ. ಕ್ಲಬ್ಬಿನ ಕೆಲಸ ನಿಂದೇ ಅಂತ ಇಟ್ಕೋ."

ಬೆಳ್ಯಪ್ಪನ ಬಾಡಿದ ಮುಖ ಅರಳಿತು. ಬೋಜಪ್ಪ ಮಗನನ್ನೇ ನೋಡಿದ. ಅವನಿಗೂ ಒಳಗೊಳಗೆ ಮಗ ಹೂಂ ಅನ್ನಲಿ ಎಂದಿತ್ತು. ಹೂಂ ಎಂದರೆ ಹಾಜರಿ ಕೂಗಬೇಕಾಗಿಲ್ಲ, ಬುಟ್ಟಿ ಅಳೆಯಬೇಕಾಗಿಲ್ಲ. ಕ್ಲಬ್ಬಿನ ದೀಪದ ಕೆಳಗೆ ಕೋಟು ತೊಟ್ಟು, ಹೊಟ್ಟೆ ತುಂಬಿದ ಪ್ಲಾಂಟರುಗಳು ಒಬ್ಬರ ಕಾಲನ್ನೊಬ್ಬರು ತುಳಿಯುವುದನ್ನು ನೋಡುತ್ತ ಮಲಗಿದ ಮಗುವನ್ನು ನಗಿಸುತ್ತಿದ್ದರಾಯಿತು. ಗುರುವಪ್ಪ ಹೊಸ ಪೆಟ್ಟಿಗೆಯ ನಾದವನ್ನು ನೆನಪಿಗೆ ತಂದುಕೊಂಡ. ಅದನ್ನು ಕೇಳಿ ಯಮುನ ಅಳುವಳೇ? ಆಕಳಿಸಿಯಾಳು.

"ಲೇಡೀಸಿಗೆ ಗ್ರಾಮಫೋನ್ ಇಡಿ, ಸೋಮಯ್ಯನವರೇ. ನಂಗೆ ಇದೇ ಆಕು," ಎಂದ.

ಸೋಮಯ್ಯ ಜೀಪು ಹತ್ತಿದ. ನಾಳೆ ಬೆಳಿಗ್ಗೆ ಎಸ್ಟೇಟಿಗೆ ಎಂದು ಬೋಜಪ್ಪ ನೆನಪಿಸಿದಾಗ ಗುರುವಪ್ಪ ಆಯಿತೆಂದ; ಆ ಮಾತನ್ನೂ ಎದುರಿನವನಿಗೆ ಭಿಕ್ಷೆ ಹಾಕುವಂತೆಯೇ ಹೇಳಿದ.

ಜನ ಚದರುವ ಮೊದಲು ಬೊಳ್ಳಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. ಈ ಪೆಟ್ಟಿಗೆ ಊರಲ್ಲಿರುವವರೆಗೆ ಎರಡನ್ನು ನಂಬುವ ಹಾಗಿಲ್ಲ, ಆದ್ದರಿಂದ ತನಗೆ ಮೂರು ಹೊಡೆಯತಕ್ಕದ್ದು ಎಂದಳು. "ಮೂರು ಕೇಳಿರೆ ಬನ್ನಿ. ಅದ್ಕೆ ಮೊದ್ಲು ಬಂದವ್ಕೆ ಊಟ ಇಲ್ಲೆ." ಹಿರಿಯರು ಗೊಣಗಿದರು, ಹಿಂದಿನಿಂದ ಬಂದ ಕಟ್ಟು, ಮುರಿಯಬಾರದು ಎಂದರು. ಬದುಕಿರುವ ಹೆಣದೊಂದಿಗೆ ವಾದ ಮಾಡುವ ಅಭ್ಯಾಸ ಅವರಲ್ಲಿ ಯಾರಿಗೂ ಇರಲಿಲ್ಲವಾಗಿ, ಕಡೆಗೆ ಒಪ್ಪಿದರು.

ವಾರವಿಡೀ ಗುರುವಪ್ಪ ಲೈನಿನ ಮುಂದೆ ನಿಂತು ಹಾಜರಿ ಕೂಗಿದ. ಅವನು ಹೆಸರು ಕರೆಯುವ ಧಾಟಿಗೆ, ಎಸ್ಟೇಟಿನ ಒಡೆಯ ತಾನೇ ಏನೋ ತಪ್ಪು ಮಾಡಿದವನಂತೆ ದೂರ ಸರಿದು ನಿಲ್ಲುತ್ತಿದ್ದನಂತೆ. ಭಾನುವಾರ ಕಣಕ್ಕೆ ಬಂದು ಪೆಟ್ಟಿಗೆಯ ಧೂಳು ಒರೆಸಿದ. ಹಾರ್ನನ್ನು ಈ ಸಲ ಮನೆಯ ಕಡೆಗೆ ತಿರುಗಿಸಲು ಮರ ಹತ್ತಿದ್ದಾಗ ಒಳಕೋಣೆಯಿಂದ ಧ್ವನಿ ಬಂತು.

"ಆಚೆಗೇ ಇರಲಿ ಗುರುವ. ಯಾರ್ ತಲೆ ಎತ್ತವೆ ಅಂತ ನೋಡೊಮ."

ಅವನು ಇಳಿದು ಬಂದು ಸ್ವಿಚ್ ಒತ್ತಿದ. ಢಮ್. ಮತ್ತೆ ಒತ್ತಿದ. ಢಮ್. ಕೆಳಗೆ, ಕಣಿವೆಯುದ್ದಕ್ಕೂ, ಕಾಫಿ ಗಿಡಗಳ ನಡುವೆ ಕೈಗಳು ನಿಂತವು. ಮುಖಗಳು ಮೇಲಕ್ಕೆ ತಿರುಗಿ ಮೂರನೆಯದಕ್ಕೆ ಕಾದವು. ಅದು ಬರಲಿಲ್ಲ. ಮೊರೆತ ಶುರುವಾಯಿತು. ಯಾರೋ ಬೈದರು, ಯಾರೋ ನಕ್ಕರು, ಕೈಗಳು ಮತ್ತೆ ಹಣ್ಣಿಗೆ ಮರಳಿದವು. ಯಮುನ ಮಾತ್ರ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು.